ಸಣ್ಣ ಕಾಲೇಜಿನ ಬಿ.ಎಡ್. ಪದವಿಗೆ ಇಲ್ಲಿ ಬೆಲೆಯೆಷ್ಟು?

ತಾಲ್ಲೂಕಿನ ಸಣ್ಣ ಕಾಲೇಜಿನಲ್ಲಿ ಬಿ.ಎಡ್. ಮುಗಿಸಿ, ಹಲವು ವರ್ಷ ಪಾಠ ಹೇಳಿ, ಸಿಡ್ನಿ ಮೆಲ್ಬರ್ನ್‌ಗಳಿಗೆ ಬಂದ ನಮ್ಮ ಸೋದರಿಯರನ್ನು ಕಾಡುವ ಪ್ರಶ್ನೆಯಿದು.

ವಲಸೆಗಾಗಿ ಶಿಕ್ಷಕರ ಪದವಿಯನ್ನು ಪರಿಶೀಲಿಸುವುದು ಎ.ಐ.ಟಿ.ಎಸ್.ಎಲ್. ಸಂಸ್ಥೆ. ಕಾಲೇಜಿನ ಗಾತ್ರವನ್ನು ಅದು ಅಳೆಯದು. ಕನಿಷ್ಠ 4 ವರ್ಷಗಳ ಮಾನ್ಯ ಉನ್ನತ ಶಿಕ್ಷಣ, ಅದರೊಳಗೆ 1 ವರ್ಷದ ಶಿಕ್ಷಕ ತರಬೇತಿ, ಮೇಲ್ವಿಚಾರಣೆಯಲ್ಲಿ 45 ದಿನಗಳ ಬೋಧನಾಭ್ಯಾಸ ಇರಬೇಕು. 3 ವರ್ಷದ ಬಿ.ಎ.ಗೆ ಹಳೆಯ 1 ವರ್ಷದ ಬಿ.ಎಡ್. ಸೇರಿದರೆ ಲೆಕ್ಕ ಸರಿಹೋಗುತ್ತದೆ; 2015ರಿಂದ ಬಿ.ಎಡ್. 2 ವರ್ಷದ್ದಾಗಿದೆ.

ಬೋಧನಾಭ್ಯಾಸದ ದಿನಗಳಿಗೆ ಅಂಕಪಟ್ಟಿ ಸಾಲದು, ಕಾಲೇಜಿನ ಅಧಿಕೃತ ಪತ್ರವೇ ಬೇಕು. ಸಣ್ಣ ಕಾಲೇಜು ಮುಚ್ಚಿಹೋದರೆ ಅದನ್ನು ಬರೆದುಕೊಡುವವರಾರು? ಆದುದರಿಂದ ಊರು ಬಿಡುವ ಮೊದಲೇ ಪತ್ರ ಪಡೆದಿಟ್ಟುಕೊಳ್ಳುವುದು ಲೇಸು.

ತರಗತಿಯೊಳಗೆ ಕಾಲಿಡಲು ವಿಕ್ಟೋರಿಯಾದಲ್ಲಿ ವಿ.ಐ.ಟಿ., ನ್ಯೂ ಸೌತ್ ವೇಲ್ಸ್‌ನಲ್ಲಿ ನೆಸಾ ಸಂಸ್ಥೆಯ ಅನುಮತಿ ಪ್ರತ್ಯೇಕವಾಗಿ ಬೇಕೆಂಬುದನ್ನೂ ಮರೆಯಬಾರದು.