ಕುಳ್ಳು ಇಲಿಯೂ ಬೆಳವಣಿಗೆಯ ಗ್ರಂಥಿಯೂ



ಚಿಕ್ಕಬಾಣಾವರದ ಸುತ್ತ ಮನೆಗಳೂ ಕಾರ್ಖಾನೆಗಳೂ ಹಬ್ಬುವುದಕ್ಕೆ ಮೊದಲು ರಾಗಿಯ ಹೊಲಗಳಿದ್ದುವು. ಪೈರು ಗಿಡ್ಡವಾಗಿ ನಿಂತರೆ ರೈತನು, ದೋಷವು ನೆಲದ್ದೋ ಬೀಜದ್ದೋ ಎಂದು ಯೋಚಿಸುವನು. ನೆಲದ್ದಾದರೆ ಗೊಬ್ಬರವುಂಟು, ಬೀಜದ್ದಾದರೆ ಉಪಾಯವಿಲ್ಲ. ಬೆಳೆಯದ ಮಗುವನ್ನು ಕಂಡಾಗಲೂ ನಾವು ‘ವಂಶದ ಗುಣ, ಏನು ಮಾಡಲಾದೀತು?’ ಎಂದು ಸುಮ್ಮನಾಗುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಒಂದು ಚಿಟ್ಟಿಲಿಯಿಂದ ತಿಳಿಯಬಹುದು.

೧೯೨೯ರಲ್ಲಿ ಅಮೆರಿಕದ ಜಾರ್ಜ್ ಸ್ನೆಲ್ ಎಂಬ ವಿಜ್ಞಾನಿಯು ಕುಳ್ಳು ಚಿಟ್ಟಿಲಿಗಳ ಒಂದು ವಂಶವನ್ನು ವರ್ಣಿಸಿದನು. ಇವುಗಳ ತಾಯಿತಂದೆಗಳು ನೋಟಕ್ಕೆ ಸಾಧಾರಣವಾದುವು. ಆದರೆ ಎರಡರಲ್ಲಿಯೂ ಗುಪ್ತವಾಗಿರುವ ಜೀನಿನ ದೋಷವು ಒಂದುಗೂಡಿದಾಗ, ಸರಾಸರಿ ನಾಲ್ಕರಲ್ಲೊಂದು ಮರಿ ಕುಳ್ಳಾಗುವುದು. ಹುಟ್ಟುವಾಗ ಭೇದವು ಕಾಣದು. ಸುಮಾರು ಎರಡು ವಾರಗಳಲ್ಲಿ ಅದು ಹಿಂದೆ ಬೀಳುವುದು.

ಮಿದುಳಿನ ತಳದಲ್ಲಿ ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯೊಂದು ನಮ್ಮೆಲ್ಲರಿಗೂ ಉಂಟು. ಅದು ಸ್ರವಿಸುವ ಹಾರ್ಮೋನುಗಳು ರಕ್ತದೊಡನೆ ಹರಿದು ದೇಹವನ್ನಾಳುತ್ತವೆ. ೧೯೩೦ರಲ್ಲಿ ಸ್ಮಿತ್ ಮತ್ತು ಮ್ಯಾಕ್‌ಡೊವೆಲ್ ಎಂಬುವರು ದೊಡ್ಡ ಜಾತಿಯ ಇಲಿಗಳ ಈ ಗ್ರಂಥಿಯನ್ನು ಕುಳ್ಳು ಚಿಟ್ಟಿಲಿಗಳ ದೇಹದಲ್ಲಿ ದಿನದಿನವೂ ನಾಟಿದರು. ನಿಂತಿದ್ದ ಬೆಳವಣಿಗೆಯು ಪುನಃ ಆರಂಭವಾಯಿತು! ಜೀನು ಬದಲಾಗಲಿಲ್ಲ, ಆದರೂ ಇಲಿ ಬೆಳೆಯಿತು.

ಇದರ ಕಾರಣವು ೧೯೯೦ರಲ್ಲಿ ಸ್ಪಷ್ಟವಾಯಿತು. ಕೆಟ್ಟಿದ್ದುದು ಪಿಟ್-೧ ಎಂಬ ಜೀನು. ಗ್ರಂಥಿಯಲ್ಲಿ ಮೂರು ಬಗೆಯ ಜೀವಕೋಶಗಳು ರೂಪುಗೊಳ್ಳಲು ಅದೇ ಬೇಕು. ಅದು ಕೆಟ್ಟರೆ ಬೆಳವಣಿಗೆಯ ಹಾರ್ಮೋನು, ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನು, ಹಾಲೂಡುವಿಕೆಗೆ ಸಂಬಂಧಿಸಿದ ಹಾರ್ಮೋನು, ಈ ಮೂರೂ ಇಲ್ಲವಾಗುವುವು. ಬೆಳವಣಿಗೆಯ ಹಾರ್ಮೋನು ಯಕೃತ್ತಿನಿಂದ ಮತ್ತೊಂದು ದ್ರವ್ಯವನ್ನು ಹೊರಡಿಸಿ, ಎಲುಬಿನ ತುದಿಯ ಮೃದ್ವಸ್ಥಿಯನ್ನು ಬೆಳೆಯಿಸುತ್ತದೆ. ಥೈರಾಯ್ಡಿನ ಸಹಾಯವಿಲ್ಲದೆ ಆ ಕಾರ್ಯವು ಪೂರ್ಣವಾಗದು.

ಇದೇ ಜೀನಿನ ದೋಷವು ಕೆಲವು ಮಕ್ಕಳಲ್ಲಿಯೂ ಉಂಟೆಂದು ಅನಂತರ ಗೊತ್ತಾಯಿತು. ಹಿಂದೆ ಇಂಥ ಹಾರ್ಮೋನನ್ನು ಮೃತರ ಗ್ರಂಥಿಗಳಿಂದ ತೆಗೆಯುತ್ತಿದ್ದರು. ಅದರಿಂದ ಕೆಲವರಿಗೆ ಮಾರಕವಾದ ಮಿದುಳಿನ ರೋಗ ತಗುಲಿತೆಂದು ೧೯೮೫ರಲ್ಲಿ ತಿಳಿಯಲು, ಅಮೆರಿಕದಲ್ಲಿ ಆ ಪದ್ಧತಿಯನ್ನು ನಿಲ್ಲಿಸಿದರು. ಅದೇ ವರ್ಷ, ಸೂಕ್ಷ್ಮಜೀವಿಗಳಿಂದ ತಯಾರಿಸಿದ ಹಾರ್ಮೋನಿಗೆ ಅಲ್ಲಿ ಅನುಮತಿ ದೊರೆಯಿತು.

ಗಿಡ್ಡತನವೆಲ್ಲವೂ ರೋಗವಲ್ಲ, ಅನ್ನದ ಕೊರತೆಯಿಂದ ಬಂದುದಕ್ಕೆ ಅನ್ನವೇ ಮದ್ದು. ಆದರೆ ಎಲುಬಿನ ತುದಿಗಳು ಬೆಸೆದುಕೊಂಡ ಮೇಲೆ ಯಾವ ಹಾರ್ಮೋನಿನಿಂದಲೂ ಎತ್ತರವು ಹೆಚ್ಚದು. ಆದುದರಿಂದ ಮಗುವಿನ ಎತ್ತರವನ್ನು ವರ್ಷವರ್ಷವೂ ಅಳೆದು ಬರೆದಿಡಿರಿ. ಅದು ನಿಂತಂತೆ ತೋರಿದರೆ ವೈದ್ಯರಲ್ಲಿಗೆ ಹೋಗಿರಿ. ಬೀಜದ ದೋಷಕ್ಕೂ ಕೆಲವೆಡೆ ಗೊಬ್ಬರವುಂಟು. ಹೊತ್ತು ಮೀರಬಾರದು, ಅಷ್ಟೆ.