ಹಸುಗೂಸಿನ ಹಸಿರು ವಾಂತಿ

ಬೆಂಗಳೂರಿನ ಮಾವಳ್ಳಿಯಿಂದ ಕಲಾಸಿಪಾಳ್ಯ ದಾಟಿದರೆ ಕೋಟೆಯ ಬಳಿ ವಾಣಿ ವಿಲಾಸ ಆಸ್ಪತ್ರೆ. 1935ರಿಂದ ಹೆಂಗಸರು, ಮಕ್ಕಳಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ ಅದು. ಆಚೆ ನಿಮ್ಹಾನ್ಸ್ ಹತ್ತಿರ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಹುಟ್ಟುತ್ತಲೇ ಕರುಳು ಕಟ್ಟಿಕೊಂಡ ಕೂಸಿಗೆ ಆಪರೇಷನ್ ಮಾಡಬಲ್ಲ ಸರ್ಜನ್‌ಗಳು ಇಷ್ಟು ಹತ್ತಿರ ಸಿಗುವ ಭಾಗ್ಯ ರಾಜ್ಯದ ಬಹಳ ಊರುಗಳಿಗಿಲ್ಲ. ಆದರೆ ಆಸ್ಪತ್ರೆ ಹತ್ತಿರವಿದ್ದ ಮಾತ್ರಕ್ಕೆ ಕೂಸು ಹೊತ್ತಿಗೆ ಸರಿಯಾಗಿ ಅಲ್ಲಿಗೆ ಮುಟ್ಟೀತು ಎನ್ನುವಂತಿಲ್ಲ. ಯಂತ್ರಗಳು ಎಷ್ಟೇ ಬಂದಿರಲಿ, ಈ ತೊಂದರೆಯ ಮೊದಲ ಸುಳಿವು ಸಿಗಬೇಕಾದದ್ದು ಬಾಣಂತಿಯ ಪಕ್ಕದಲ್ಲಿರುವವರ ಕಣ್ಣಿಗೆ. ಆ ಕಣ್ಣಿಗೆ ಬಣ್ಣವೊಂದರ ಅರ್ಥ ತಿಳಿದಿರಬೇಕು.

ಪಿತ್ತಕೋಶದಿಂದ ಬರುವ ಪಿತ್ತರಸ ಸಣ್ಣ ಕರುಳಿನ ಮೊದಲ ಭಾಗಕ್ಕೆ ಬೀಳುತ್ತದೆ. ಅದರ ಕೆಳಗೆ ದಾರಿ ಮುಚ್ಚಿದ್ದರೆ ರಸ ಮೇಲಕ್ಕೆ ತಿರುಗಿ, ವಾಂತಿ ಹಸಿರಾಗುತ್ತದೆ. ಕೂಸು ಕಕ್ಕುವ ಹಾಲು ಬಿಳಿ, ಇಲ್ಲವೇ ಮೊಸರಿನಂತೆ. ಅದರಲ್ಲಿ ಹೆದರುವಂಥದ್ದು ಸಾಮಾನ್ಯವಾಗಿ ಇರುವುದಿಲ್ಲ. ಹಸಿರು ಹಾಗಲ್ಲ, ಬೇರೆ ಕಾರಣ ಖಚಿತವಾಗುವ ತನಕ ಅದನ್ನು ಕರುಳಿನ ತಡೆ ಎಂದೇ ವೈದ್ಯರು ಎಣಿಸುತ್ತಾರೆ. ತಡೆಯಲ್ಲೂ ಬಗೆಗಳಿವೆ. ಕೆಲವು ಕೂಸುಗಳಲ್ಲಿ ಕರುಳಿನ ಮೊದಲ ಭಾಗ ತೆರೆದೇ ಇರುವುದಿಲ್ಲ. ಇಂಥವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಡೌನ್ ಸಿಂಡ್ರೋಮ್ ಕೂಡ ಇರುತ್ತದೆ. ಕೆಳಗಿನ ಕರುಳು ತುಂಡಾಗಿರುವುದು ಬಹುಮಟ್ಟಿಗೆ ಬಸಿರಿನಲ್ಲೇ ಆ ಭಾಗಕ್ಕೆ ರಕ್ತ ನಿಂತುಹೋದದ್ದರಿಂದ. ಲೌ ಮತ್ತು ಬರ್ನಾರ್ಡ್ ಎಂಬ ಕೇಪ್‌ಟೌನ್ ಸರ್ಜನ್‌ಗಳು ನಾಯಿಯ ಭ್ರೂಣದಲ್ಲಿ ರಕ್ತನಾಳ ಕಟ್ಟಿ ಇದನ್ನು 1955ರಲ್ಲಿ ತೋರಿಸಿದರು. ಹಾಗಾಗಿ ಗ್ರಹಣದ ಹೊತ್ತು ಹೊರಗೆ ಬಂದಳು, ಪರಂಗಿ ತಿಂದಳು ಎಂದು ತಾಯಿಯನ್ನು ದೂರುವುದರಲ್ಲಿ ಹುರುಳಿಲ್ಲ. ಎಲ್ಲಕ್ಕಿಂತ ಅಪಾಯದ್ದು ಕರುಳು ತಿರುಚಿಕೊಳ್ಳುವುದು. ಬಸಿರಿನ ಮೊದಲ ಮೂರು ತಿಂಗಳಲ್ಲಿ ಕರುಳು ಸುತ್ತು ತಿರುಗಿ ತನ್ನ ಜಾಗದಲ್ಲಿ ನೆಲೆಗೊಳ್ಳಬೇಕು. ನೆಲೆಗೊಳ್ಳದ ಕರುಳು ಹುಟ್ಟಿದ ಮೇಲೆ ತಿರುಚಿಕೊಂಡರೆ ರಕ್ತ ನಿಂತು, ಕೆಲವೇ ಗಂಟೆಗಳಲ್ಲಿ ಸಾಯುತ್ತದೆ.

ಬಸಿರಿಯ ಸ್ಕ್ಯಾನ್‌ನಲ್ಲೇ ಇದೆಲ್ಲ ಕಾಣುವುದಿಲ್ಲವೇ ಎಂದು ಕೇಳಬಹುದು. ಕೆಲವು ಕಾಣುತ್ತವೆ. ಹೆಚ್ಚಾದ ಗರ್ಭಜಲ, ಹೊಟ್ಟೆಯಲ್ಲಿ ಎರಡು ಗುಳ್ಳೆಗಳಂಥ ನೆರಳು, ಇವು ಸುಳಿವುಗಳು. ಆದರೆ ಆ ನೆರಳು ಅನೇಕ ಸಲ ಐದನೆಯ ತಿಂಗಳ ಸ್ಕ್ಯಾನ್ ಮುಗಿದ ಮೇಲೆ ಮೂಡುತ್ತದೆ. ಮುಂದೆ ತಿರುಚಿಕೊಳ್ಳಬಹುದಾದ ಕರುಳು, ನರಕೋಶವಿಲ್ಲದ ಕರುಳು ಸಾಮಾನ್ಯವಾಗಿ ಸ್ಕ್ಯಾನ್‌ಗೆ ಸಿಕ್ಕುವುದೇ ಇಲ್ಲ. ಸೀಳುತುಟಿಯನ್ನು ಹುಟ್ಟಿದ ಗಳಿಗೆಯಲ್ಲೇ ಗುರುತಿಸಬಹುದು. ಕರುಳಿನ ತಡೆ ಗೊತ್ತಾಗಲು ಕೂಸು ಹಾಲು ಕುಡಿಯಬೇಕು, ಕಕ್ಕಬೇಕು, ಹೊಟ್ಟೆ ಉಬ್ಬಬೇಕು. ಸ್ಕ್ಯಾನ್ ಸರಿಯಿತ್ತೆಂಬ ನೆಮ್ಮದಿಯೇ ಇಲ್ಲಿ ಮೈಮರೆಸಬಹುದು.

ಪ್ರತಿ ವಾಂತಿಗೂ ಆಸ್ಪತ್ರೆಗೆ ಓಡಿದರೆ ಸುಮ್ಮನೆ ಗಾಬರಿ, ಹಿರಿಯರ ಅನುಭವಕ್ಕೆ ಬೆಲೆಯೇ ಇಲ್ಲವೇ ಎಂಬುದು ಇನ್ನೊಂದು ಮಾತು. ಹಸಿರು ವಾಂತಿಯೆಂದು ಬಂದ ಎಷ್ಟೋ ಕೂಸುಗಳಿಗೆ ಆಪರೇಷನ್ ಬೇಕಾಗುವುದಿಲ್ಲ, ನಿಜ. ಆದರೆ ಪರೀಕ್ಷೆ ಮಾಡಿ ಏನೂ ಇಲ್ಲವೆಂದು ತಿಳಿದರೆ ಕಳೆದುಕೊಳ್ಳುವುದು ಒಂದು ದಿನ. ಕಾದು ನೋಡಿ ತಿರುಚಿದ ಕರುಳು ಸತ್ತರೆ, ಕೂಸು ಬದುಕಿದರೂ ಉಂಡದ್ದು ಮೈಗೆ ಹತ್ತಲು ಸಾಕಷ್ಟು ಕರುಳು ಉಳಿದಿರುವುದಿಲ್ಲ. ಮನೆಮದ್ದಿನ ತೊಡಕು ಇನ್ನೂ ಸೂಕ್ಷ್ಮ. ಹೆಚ್ಚುಕಡಿಮೆ 5,000ಕ್ಕೆ ಒಂದು ಕೂಸಿಗೆ ದೊಡ್ಡ ಕರುಳಿನ ತುದಿಯಲ್ಲಿ ನರಕೋಶಗಳಿರುವುದಿಲ್ಲ. 1886ರಲ್ಲಿ ಡೆನ್ಮಾರ್ಕ್‌ನ ಹಿರ್ಷ್‌ಸ್ಪ್ರುಂಗ್ ವಿವರಿಸಿದ ಕಾಯಿಲೆ ಇದು. ಮೊದಲ ಕಪ್ಪು ಮಲ ತಡವಾಗುವುದು ಇದರ ಮುಖ್ಯ ಗುರುತು. ತಿಂಗಳು ತುಂಬಿ ಹುಟ್ಟಿದ ಬಹುಪಾಲು ಮಕ್ಕಳು ಅದನ್ನು 24 ಗಂಟೆಯೊಳಗೆ, ಉಳಿದವರಲ್ಲಿ ಹೆಚ್ಚಿನವರು 48 ಗಂಟೆಯೊಳಗೆ ವಿಸರ್ಜಿಸುತ್ತಾರೆ. ಇಂಥ ಕೂಸಿಗೆ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಗುದದಲ್ಲಿ ಇಟ್ಟರೆ ಗಾಳಿ, ಮಲ ಒಮ್ಮೆಲೇ ಹೊರಬಂದು ಹೊಟ್ಟೆ ಇಳಿಯಬಹುದು. ವಾಸಿಯಾಯಿತೆಂದು ಮನೆಯವರು ನಂಬುತ್ತಾರೆ, ಕಾಯಿಲೆ ಇದ್ದಲ್ಲೇ ಇರುತ್ತದೆ. ಕಪ್ಪು ಮಲ ಹೋಯಿತೆಂದು ಹಸಿರು ವಾಂತಿಯನ್ನು ಕಡೆಗಣಿಸುವುದೂ ಸಲ್ಲದು, ಏಕೆಂದರೆ ತಡೆಯಿದ್ದೂ ಮಲ ಹೋಗುವುದುಂಟು.

ಚಿಕಿತ್ಸೆಯ ಮೊದಲ ಹೆಜ್ಜೆಗೆ ದೊಡ್ಡಾಸ್ಪತ್ರೆಯೂ ಬೇಡ. ಹಾಲು ನಿಲ್ಲಿಸಿ, ಕೊಳವೆ ಹಾಕಿ ಹೊಟ್ಟೆ ಖಾಲಿ ಮಾಡಿ, ಡ್ರಿಪ್ ಕೊಟ್ಟು, ಕೂಸನ್ನು ಬೆಚ್ಚಗಿಟ್ಟು ಕಳುಹಿಸುವುದು ಯಾವ ಹೆರಿಗೆ ಆಸ್ಪತ್ರೆಗೂ ಸಾಧ್ಯ. ಎಕ್ಸ್‌ರೇಯಲ್ಲಿ ಕೂಸು ನುಂಗಿದ ಗಾಳಿಯೇ ತಡೆಯ ಜಾಗ ತೋರಿಸುತ್ತದೆ. ತಿರುಚಿದ ಅನುಮಾನವಿದ್ದರೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ ಕುಡಿಸಿ ನೋಡುತ್ತಾರೆ. ಮುಚ್ಚಿದ ಕರುಳನ್ನು ಬಿಡಿಸಿ ಜೋಡಿಸಲು ಒಂದೆರಡು ದಿನ ಕೂಸನ್ನು ಅಣಿಗೊಳಿಸಬಹುದು, ತಿರುಚಿದ ಕರುಳಿಗೆ ಆ ಬಿಡುವಿಲ್ಲ. ಅದಕ್ಕೆ ಬಾಸ್ಟನ್‌ನ ವಿಲಿಯಂ ಲಾಡ್ 1936ರಲ್ಲಿ ವಿವರಿಸಿದ ಆಪರೇಷನ್ನೇ ಇಂದಿಗೂ ಆಧಾರ. ಕರುಳು ಕೆಲಸಕ್ಕೆ ಮರಳುವವರೆಗೆ ರಕ್ತನಾಳದ ಮೂಲಕವೇ ಪೂರ್ತಿ ಪೋಷಣೆ ಕೊಡುವ ವಿಧಾನ 1960ರ ದಶಕದ ಕೊನೆಗೆ ಕೈಗೆ ಬಂತು. ಬೇರೆ ತೊಡಕಿಲ್ಲದೆ ಹೊತ್ತಿಗೆ ಬಂದ ಕೂಸುಗಳಲ್ಲಿ ಬಹುಪಾಲು ಈಗ ಬದುಕುತ್ತವೆ. ಆದ್ದರಿಂದ ಬಾಣಂತಿಯನ್ನು ಮನೆಗೆ ಕಳಿಸುವ ಮುನ್ನ ಪ್ರತಿ ಹೆರಿಗೆ ಆಸ್ಪತ್ರೆಯಲ್ಲೂ ಎರಡು ಪ್ರಶ್ನೆ ಕೇಳಿ ಬರೆದಿಡುವುದು ಕಡ್ಡಾಯವಾಗಲಿ: ಕಪ್ಪು ಮಲ ಯಾವಾಗ ಹೋಯಿತು? ಕಕ್ಕಿದ್ದರೆ ಯಾವ ಬಣ್ಣ? ಇದಕ್ಕೆ ಖರ್ಚಿಲ್ಲ, ಯಂತ್ರವೂ ಬೇಡ. ಹಸಿರು ಎಂಬ ಉತ್ತರ ಬಂದರೆ, ನಡುರಾತ್ರಿಯಾದರೂ ಸರಿ, ಹೊರಡಲೇಬೇಕು.