ಎರಡು ದಿನದ ಮುಂಬಯಿ: ಪಟ್ಟಿ ಬೇಡ, ರೈಲಿನ ಲೈನ್ ಹಿಡಿಯಿರಿ

ಗೇಟ್‌ವೇ, ಮರೀನ್ ಡ್ರೈವ್, ಸಿದ್ಧಿವಿನಾಯಕ, ಜುಹು. ಮುಂಬಯಿಗೆ ಮೊದಲ ಸಲ ಹೋದವರು ಇಷ್ಟನ್ನು ನೋಡಿಯೇ ನೋಡುತ್ತಾರೆ. ಎರಡನೇ ಸಲ ಶನಿವಾರ, ಭಾನುವಾರ ಎರಡೇ ದಿನ ಕೈಯಲ್ಲಿದ್ದಾಗ ಮುಂದೇನು ಎಂಬ ಪ್ರಶ್ನೆ ಬರುತ್ತದೆ. ಆಗ ಹೆಚ್ಚಿನವರು ಇನ್ನೊಂದು ಪಟ್ಟಿ ಮಾಡಿಕೊಂಡು ಟ್ಯಾಕ್ಸಿ ಹತ್ತುತ್ತಾರೆ. ಅರ್ಧ ದಿನ ಸಿಗ್ನಲ್‌ಗಳಲ್ಲೇ ಕಳೆದುಹೋಗುತ್ತದೆ.

ಈ ಊರು ಉತ್ತರದಿಂದ ದಕ್ಷಿಣಕ್ಕೆ ಉದ್ದಕ್ಕೆ ಚಾಚಿದ ಕಿರಿದಾದ ನೆಲ. ಅದರ ಉದ್ದಕ್ಕೂ ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಎಂಬ ಮೂರು ರೈಲ್ವೆ ಲೈನ್‌ಗಳಿವೆ. ಒಂದು ಹೊತ್ತಿಗೆ ಒಂದೇ ಲೈನ್ ಹಿಡಿದು, ಅದರ ಮೇಲೆ ಸಿಗುವ ಜಾಗಗಳನ್ನಷ್ಟೇ ನೋಡಿದರೆ ಎರಡು ದಿನದಲ್ಲಿ ಸುಸ್ತಾಗದೆ ಬಹಳಷ್ಟು ಆಗುತ್ತದೆ.

ಲೋಕಲ್ ಹತ್ತುವ ಮೊದಲು

ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಓದುವುದನ್ನು ಮೊದಲು ಕಲಿಯಬೇಕು. ಅದರಲ್ಲಿ ಕೊನೆಯ ಸ್ಟೇಷನ್ನಿನ ಸಂಕೇತ, ರೈಲು ಫಾಸ್ಟೋ ಸ್ಲೋವೋ, ಎಷ್ಟು ಹೊತ್ತಿಗೆ, ಎಷ್ಟು ಡಬ್ಬಿ ಎಂಬ ನಾಲ್ಕು ವಿವರಗಳಿರುತ್ತವೆ. ಸ್ಲೋ ಎಲ್ಲ ಕಡೆ ನಿಲ್ಲುತ್ತದೆ, ಫಾಸ್ಟ್ ದೊಡ್ಡ ಸ್ಟೇಷನ್‌ಗಳಲ್ಲಿ ಮಾತ್ರ. ಮಾಟುಂಗದಂಥ ಕಡೆ ಇಳಿಯಬೇಕಾದವರು ಫಾಸ್ಟ್ ಹತ್ತಿದರೆ ದಾದರಿಗೋ ಕುರ್ಲಾಕ್ಕೋ ಹೋಗಿ ಮರಳಿ ಬರಬೇಕಾಗುತ್ತದೆ.

ಹೆಚ್ಚಿನ ಸ್ಟೇಷನ್‌ಗಳಿಗೆ ಈಸ್ಟ್, ವೆಸ್ಟ್ ಎಂದು ಎರಡು ಮಗ್ಗುಲು. ಯಾವ ಕಡೆ ಇಳಿಯಬೇಕೆಂದು ಮೊದಲೇ ಗೊತ್ತಿರಲಿ. ಆಟೋಗಳು ಬಾಂದ್ರಾ ಮತ್ತು ಸಯನ್‌ನಿಂದ ಉತ್ತರಕ್ಕೆ, ಅಂದರೆ ಉಪನಗರಗಳಲ್ಲಿ ಮಾತ್ರ ಓಡುತ್ತವೆ. ಅಲ್ಲಿಂದ ದಕ್ಷಿಣಕ್ಕೆ ಕಾಲಿ-ಪೀಲಿ ಟ್ಯಾಕ್ಸಿ, ಬೆಸ್ಟ್ ಬಸ್ಸು, ಇಲ್ಲವೇ ನಿಮ್ಮ ಕಾಲು.

ಎಲ್ಲಕ್ಕಿಂತ ಮುಖ್ಯವಾದದ್ದು ಭಾನುವಾರದ ಮೆಗಾ ಬ್ಲಾಕ್. ವಾರವಿಡೀ ಬಿಡುವಿಲ್ಲದೆ ರೈಲು ಓಡುವ ಹಳಿಗಳನ್ನು ದುರಸ್ತಿ ಮಾಡಲು ರೈಲ್ವೆಗೆ ಸಿಗುವ ಹಗಲು ಅದೊಂದೇ. ಬೆಳಿಗ್ಗೆ ಸುಮಾರು ಹತ್ತು ಹತ್ತೂವರೆಯಿಂದ ಸಂಜೆ ನಾಲ್ಕರ ಆಸುಪಾಸಿನವರೆಗೆ ಕೆಲವು ಭಾಗಗಳಲ್ಲಿ ಫಾಸ್ಟ್ ಗಾಡಿಗಳನ್ನು ಸ್ಲೋ ಹಳಿಗೆ ಹಾಕುತ್ತಾರೆ, ಕೆಲವನ್ನು ರದ್ದು ಮಾಡುತ್ತಾರೆ. ಯಾವ ಲೈನಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಮೊದಲೇ ಪ್ರಕಟವಾಗುತ್ತದೆ. ಹಾಗಾಗಿ ಹತ್ತಿಳಿದು ಓಡಾಡುವ ಕಾರ್ಯಕ್ರಮ ಶನಿವಾರಕ್ಕಿರಲಿ. ಒಂದೇ ಕಡೆ ಹೋಗಿ ದಿನ ಕಳೆಯುವಂಥದ್ದು ಭಾನುವಾರಕ್ಕೆ.

ಶನಿವಾರ ಬೆಳಿಗ್ಗೆ: ಮಾಟುಂಗ

ಮಂಗಳೂರಿನಿಂದ ಮತ್ಸ್ಯಗಂಧದಲ್ಲಿ ಬಂದವರು ಬೆಳಗಿನ ಜಾವ ಕುರ್ಲಾ ಟರ್ಮಿನಸ್ಸಿನಲ್ಲಿ ಇಳಿಯುತ್ತಾರೆ. ಅಲ್ಲಿಂದ ಮಾಟುಂಗ ಹತ್ತಿರ. ಮಾಟುಂಗದ ಹೆಸರಿಗೆ ಎರಡು ಸ್ಟೇಷನ್‌ಗಳಿವೆ ಎಂಬುದು ನೆನಪಿರಲಿ: ಸೆಂಟ್ರಲ್ ಲೈನಿನದು ಮಾಟುಂಗ, ವೆಸ್ಟರ್ನ್ ಲೈನಿನದು ಮಾಟುಂಗ ರೋಡ್. ಬಡಾವಣೆಯ ಇನ್ನೊಂದು ಅಂಚಿನಲ್ಲಿ ಹಾರ್ಬರ್ ಲೈನಿನ ಕಿಂಗ್ಸ್ ಸರ್ಕಲ್ ಇದೆ. ನಮಗೆ ಬೇಕಾದದ್ದು ಸೆಂಟ್ರಲ್ ಮಾಟುಂಗ, ಇಳಿಯುವುದು ಈಸ್ಟಿನಲ್ಲಿ.

1896ರ ಪ್ಲೇಗಿನ ನಂತರ ಇಕ್ಕಟ್ಟಾದ ಹಳೆಯ ಪೇಟೆಯಿಂದ ಜನರನ್ನು ಹೊರಗೆ ನೆಲೆಗೊಳಿಸಲು ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗ, ಸಯನ್ ಬಡಾವಣೆಗಳು ಅದರ ಯೋಜನೆಯಂತೆ ಬೆಳೆದವು. ಅಗಲವಾದ ರಸ್ತೆ, ಎರಡೂ ಕಡೆ ಮರ, ಮೂರು ನಾಲ್ಕು ಮಹಡಿಯ ಕಟ್ಟಡ. ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟರು ಇಲ್ಲಿ ಮನೆ ಹಿಡಿದರು. ಅವರ ಹಿಂದೆಯೇ ಊಟಕ್ಕೆ ಬೋರ್ಡಿಂಗುಗಳು, ತಿಂಡಿಗೆ ಹೋಟೆಲುಗಳು ಬಂದವು.

ನಸುಕಿನಲ್ಲೇ ತೆರೆಯುವುದು ಸ್ಟೇಷನ್ ಪಕ್ಕದ ರಾಮಾಶ್ರಯ. ಅಲ್ಲಿ ಶೀರಾ ದಿನಕ್ಕೊಂದು ಬಗೆ. ಇವತ್ತು ಯಾವುದು ಎಂದು ಕೇಳಿ ತಿನ್ನಿ. ಇನ್ನೊಂದು ಕೆಫೆ ಮದ್ರಾಸ್, 1940ರದ್ದು. ಹೆಸರು ಮದ್ರಾಸ್, ನಡೆಸುವವರು ಕರಾವಳಿಯ ಕಾಮತರು. ಶನಿವಾರ, ಭಾನುವಾರ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು, ಆದ್ದರಿಂದ ಎಂಟರೊಳಗೆ ಹೋಗುವುದು ವಾಸಿ. ಮಧ್ಯಾಹ್ನದ ಊಟಕ್ಕೆ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಸ್ಟೇಷನ್ ಎದುರಿನ ಮಾರ್ಕೆಟ್ ಕಟ್ಟಡದ ಮೆಟ್ಟಿಲು ಹತ್ತಿ, ಕೂಪನ್ ಪಡೆದು ಕೂತರೆ ಬಾಳೆ ಎಲೆಯ ಊಟ. ಸೋಮವಾರ ಇಲ್ಲಿ ರಜೆ.

ತಿಂಡಿಗೂ ಊಟಕ್ಕೂ ನಡುವಿನ ಹೊತ್ತಿನಲ್ಲಿ ನಡೆದಾಡಿ. ಸ್ಟೇಷನ್ ಹೊರಗಿನ ಹೂವಿನ ಸಾಲಿನಲ್ಲಿ ಮಲ್ಲಿಗೆ, ಕನಕಾಂಬರ, ಬಾಳೆ ಎಲೆ, ಕರಿಬೇವು ಎಲ್ಲ ಸಿಗುತ್ತವೆ. ಮೈಸೂರ್ ಕನ್ಸರ್ನ್ಸ್ ಅಂಗಡಿಯಲ್ಲಿ ಕಾಫಿಪುಡಿ ಬೀಸಿಕೊಡುತ್ತಾರೆ, ಚಿಕೋರಿ ಎಷ್ಟು ಎಂದು ನೀವೇ ಹೇಳಬೇಕು. ಭಾವು ದಾಜಿ ರಸ್ತೆಯಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇದೆ. ಅದರ ರಂಗಮಂದಿರದಲ್ಲಿ ಸಂಜೆ ಕನ್ನಡ ನಾಟಕವೋ ಸಂಗೀತವೋ ಇದೆಯೇ ಎಂದು ವಿಚಾರಿಸಿಕೊಳ್ಳಿ.

ಮಳೆಗಾಲದಲ್ಲಿ ಯಕ್ಷಗಾನ

ಮುಂಬಯಿ ನೋಡಲು ಮಳೆಗಾಲ ಬೇಡ ಎನ್ನುವವರೇ ಹೆಚ್ಚು. ಯಕ್ಷಗಾನ ಪ್ರಿಯರಿಗೆ ಮಾತ್ರ ಅದೇ ಸರಿಯಾದ ಕಾಲ. ಕರಾವಳಿಯ ಮೇಳಗಳು ದೀಪಾವಳಿಯ ನಂತರ ತಿರುಗಾಟ ಹೊರಟು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಊರಿನಲ್ಲಿ ಬಯಲಾಟಕ್ಕೆ ಮಳೆ ಬಿಡುವುದಿಲ್ಲ, ಕಲಾವಿದರಿಗೆ ಬಿಡುವು. ಮುಂಬಯಿಯಲ್ಲಿ ಸಭಾಗೃಹಗಳಿವೆ, ಊರಿನ ಜನ ಇದ್ದಾರೆ, ಟಿಕೆಟ್ ಕೊಳ್ಳುವ ಅಭ್ಯಾಸವೂ ಇದೆ. ಹೀಗಾಗಿ ಜುಲೈ, ಆಗಸ್ಟ್ ತಿಂಗಳಲ್ಲಿ ತಂಡಗಳು ಇತ್ತ ಬರುತ್ತವೆ. ಮಾಟುಂಗ, ಕುರ್ಲಾ ಮುಂತಾದ ಕಡೆಯ ಸಭಾಂಗಣಗಳಲ್ಲಿ ಆಟ, ತಾಳಮದ್ದಳೆ ನಡೆಯುತ್ತವೆ. ಎಲ್ಲಿ, ಎಷ್ಟು ಹೊತ್ತಿಗೆ ಎಂದು ತಿಳಿಯಲು ಮುಂಬಯಿಯ ಕನ್ನಡ ದಿನಪತ್ರಿಕೆ ‘ಕರ್ನಾಟಕ ಮಲ್ಲ’ ನೋಡಿದರಾಯಿತು.

ಚಳಿಗಾಲದಲ್ಲಿ ಶಿವಡಿಯ ರಾಜಹಂಸ

ಡಿಸೆಂಬರಿನಿಂದ ಬೇಸಗೆಯ ಮೊದಲ ತಿಂಗಳುಗಳವರೆಗೆ ಹೋದವರು ಊಟ ಮುಗಿಸಿ ಕಿಂಗ್ಸ್ ಸರ್ಕಲ್‌ನಲ್ಲಿ ಸಿಎಸ್‌ಎಂಟಿ ಕಡೆಯ ಹಾರ್ಬರ್ ಲೋಕಲ್ ಹತ್ತಲಿ. ವಡಾಲಾ ದಾಟಿದರೆ ಶಿವಡಿ. ಜೆಟ್ಟಿಯವರೆಗೆ ನಡೆದರೆ ಎದುರಿಗೆ ಕೆಸರು ಬಯಲು, ಅದರಲ್ಲಿ ಫ್ಲೆಮಿಂಗೊ ಹಿಂಡು.

ಇಲ್ಲಿ ಗಡಿಯಾರಕ್ಕಿಂತ ಉಬ್ಬರ–ಇಳಿತದ ಲೆಕ್ಕ ದೊಡ್ಡದು. ಹಕ್ಕಿಗಳಿಗೆ ಬೇಕಾದದ್ದು ಕೆಸರಿನಲ್ಲಿರುವ ಪಾಚಿ. ನೀರು ಪೂರ್ತಿ ಇಳಿದಾಗ ಕೆಸರೆಲ್ಲ ತೆರೆದುಕೊಂಡು ಅವು ದೂರ ದೂರ ಚದುರಿಹೋಗುತ್ತವೆ. ಪೂರ್ತಿ ಏರಿದಾಗ ಕೆಸರೇ ಮುಳುಗಿ ಅವು ಹಾರಿಹೋಗುತ್ತವೆ. ನೀರು ಏರುತ್ತಿರುವ ಹೊತ್ತಿನಲ್ಲಿ ಮಾತ್ರ ಹಿಂಡು ದಡದ ಕಡೆಗೆ ಒತ್ತಿ ಬರುತ್ತದೆ. ಹಾಗಾಗಿ ಆ ದಿನದ ಉಬ್ಬರದ ವೇಳೆ ನೋಡಿಕೊಂಡು ಅದಕ್ಕೆ ಎರಡು ಮೂರು ಗಂಟೆ ಮುಂಚೆ ಹೋಗಿ. ಶಿವಡಿಯಿಂದಲೇ ಹೊರಡುವ ಅಟಲ್ ಸೇತು 2024ರ ಜನವರಿಯಲ್ಲಿ ತೆರೆಯಿತು, ಹಕ್ಕಿಗಳ ಹಿನ್ನೆಲೆಯಲ್ಲಿ ಅದೂ ಕಾಣುತ್ತದೆ. ಹತ್ತಿರದಿಂದಲೇ ನೋಡಬೇಕೆನ್ನುವವರಿಗೆ ಐರೋಳಿಯಲ್ಲಿ ಅರಣ್ಯ ಇಲಾಖೆಯ ಕೇಂದ್ರದಿಂದ ದೋಣಿ ಉಂಟು. ಠಾಣೆ ಖಾರಿಯ ಈ ಅಭಯಾರಣ್ಯ 2022ರಲ್ಲಿ ರಾಮ್ಸರ್ ತಾಣವಾಯಿತು. ದೋಣಿ ತೇಲಲು ನೀರು ಬೇಕು, ಆದ್ದರಿಂದ ಅದರ ವೇಳೆಯೂ ಉಬ್ಬರಕ್ಕೆ ತಕ್ಕಂತೆ ದಿನದಿನ ಬದಲಾಗುತ್ತದೆ.

ಸಂಜೆ: ಗಿರ್ಗಾಂವ್, ಬಾಣಗಂಗೆ

ಶಿವಡಿಯಿಂದ ಅದೇ ಲೈನಿನಲ್ಲಿ ಸಿಎಸ್‌ಎಂಟಿ, ಅಲ್ಲಿ ಮೆಟ್ರೊ-3 ಹಿಡಿದರೆ ಎರಡನೆಯ ನಿಲ್ದಾಣ ಗಿರ್ಗಾಂವ್. 2025ರ ಅಕ್ಟೋಬರಿನಲ್ಲಿ ಕಫ್ ಪರೇಡ್‌ವರೆಗೆ ಪೂರ್ಣಗೊಂಡ ಈ ಸುರಂಗ ಮಾರ್ಗದಿಂದ ಹಳೆಯ ಪೇಟೆ ತಲುಪುವುದು ಸಲೀಸಾಗಿದೆ.

ಗಿರ್ಗಾಂವಿನಲ್ಲಿ ಖೋತಾಚಿವಾಡಿ ನೋಡಿ. ಮರದ ಜಗಲಿ, ಹೊರಗಿನಿಂದಲೇ ಏರುವ ಮೆಟ್ಟಿಲು, ಹೆಂಚಿನ ಮಾಡು ಇರುವ ಈಸ್ಟ್ ಇಂಡಿಯನ್ ಕ್ರೈಸ್ತರ ಮನೆಗಳ ಓಣಿ ಅದು. ಒಂದು ಕಾಲಕ್ಕೆ ಇಂಥ 65 ಮನೆಗಳಿದ್ದವು, ಈಗ ಉಳಿದಿರುವುದು ಅರ್ಧಕ್ಕೂ ಕಡಿಮೆ. ಜನ ವಾಸ ಇರುವ ಮನೆಗಳಿವು. ಓಣಿಯಲ್ಲಿ ಮೆಲ್ಲಗೆ ನಡೆಯಿರಿ, ಫೋಟೊಕ್ಕೆ ಮೊದಲು ಕೇಳಿ.

ಅಲ್ಲಿಂದ ಟ್ಯಾಕ್ಸಿ ಹಿಡಿದು ವಾಲ್ಕೇಶ್ವರದ ಬಾಣಗಂಗೆಗೆ ಹೋಗಿ. ಸಮುದ್ರ ಕೂಗಳತೆಯಲ್ಲಿದ್ದರೂ ಕಲ್ಯಾಣಿಯದು ಸಿಹಿನೀರು, ಒಳಗಿನ ಸೆಲೆಯಿಂದ ಬರುವಂಥದ್ದು. ಸೀತೆಯನ್ನು ಹುಡುಕುತ್ತ ಬಂದ ರಾಮ ಬಾಯಾರಿದಾಗ ಬಾಣ ಬಿಟ್ಟ ಜಾಗ ಎಂಬುದು ಸ್ಥಳಪುರಾಣ, ನೀರಿನ ನಡುವಿನ ಕಂಬ ಆ ಗುರುತು. 12ನೇ ಶತಮಾನದ ಶಿಲಾಹಾರರ ಕಾಲದ ಕೆರೆಯನ್ನು 1715ರಲ್ಲಿ ಮತ್ತೆ ಕಟ್ಟಿಸಿದವರು ಗೌಡ ಸಾರಸ್ವತ ವರ್ತಕ ರಾಮ ಕಾಮತರು. ಕೆಲವೇ ವರ್ಷಗಳಲ್ಲಿ, ಕಾನ್ಹೋಜಿ ಆಂಗ್ರೆಯ ಜತೆ ಒಳಸಂಚು ನಡೆಸಿದರೆಂದು ಈಸ್ಟ್ ಇಂಡಿಯಾ ಕಂಪನಿ ಅವರನ್ನು ಸೆರೆಗೆ ಹಾಕಿತು. ಕಾಶೀ ಮಠ, ಕವಳೆ ಮಠ ಎರಡೂ ಈ ಸುತ್ತಿನಲ್ಲೇ ಇವೆ. ಮಂಗಳೂರು, ಕಾರವಾರ ಕಡೆಯವರಿಗೆ ಇದು ಗುರುತಿನ ಊರೇ.

ಭಾನುವಾರ: ಕಾನ್ಹೇರಿ

ಬ್ಲಾಕ್ ಶುರುವಾಗುವ ಮೊದಲು, ಏಳರ ಹೊತ್ತಿಗೆ ವೆಸ್ಟರ್ನ್ ಲೈನಿನಲ್ಲಿ ಬೋರಿವಲಿಗೆ ಹೊರಡಿ. ಚರ್ಚ್‌ಗೇಟಿನಿಂದ 34 ಕಿಲೋಮೀಟರ್, ಫಾಸ್ಟ್‌ನಲ್ಲಿ ಒಂದು ಗಂಟೆಯೊಳಗೆ. ಈಸ್ಟಿನಲ್ಲಿ ಇಳಿದರೆ ಸುಮಾರು 104 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ದ್ವಾರ. ಗುಹೆಗಳು ಆರೇಳು ಕಿಲೋಮೀಟರ್ ಒಳಗೆ, ಅಲ್ಲಿಯವರೆಗೆ ಬಸ್ಸು ಇದೆ. ನೀರು, ಬುತ್ತಿ ಜತೆಗಿರಲಿ, ಕೋತಿಗಳಿಗೆ ಕಾಣದಂತೆ ಚೀಲದೊಳಗೆ.

ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು ಒಂದೇ ಗುಡ್ಡದಲ್ಲಿವೆ. ಹೆಚ್ಚಿನವರು ಮೂರನೇ ಸಂಖ್ಯೆಯ ಚೈತ್ಯ ಮತ್ತು ಅದರ ಮೊಗಸಾಲೆಯ ಸುಮಾರು 7 ಮೀಟರ್ ಎತ್ತರದ ಬುದ್ಧರನ್ನು ನೋಡಿ ವಾಪಸಾಗುತ್ತಾರೆ. ನೀವು ಮೇಲೆ ಹತ್ತಿ. ಸಣ್ಣ ಸಣ್ಣ ಕೋಣೆಗಳ ಹೊರಗೆ ಬಂಡೆಯಲ್ಲಿ ಕೊರೆದ ಬೆರಳಗಲದ ಕಾಲುವೆಗಳನ್ನು ಗಮನಿಸಿ. ಗುಡ್ಡದ ಮೇಲೆ ಬಿದ್ದ ಮಳೆನೀರು ಅವುಗಳಲ್ಲಿ ಹರಿದು ಗುಹೆಯ ಮುಂದಿನ ತೊಟ್ಟಿ ಸೇರುತ್ತದೆ. ತೊಟ್ಟಿಯ ಬಾಯಿ ಕಿರಿದು, ಒಳಗೆ ಅಗಲ, ಹಾಗಾಗಿ ಬಿಸಿಲಿಗೆ ನೀರು ಬೇಗ ಆರುವುದಿಲ್ಲ. ಹತ್ತಿರದಲ್ಲಿ ದೊಡ್ಡ ಹೊಳೆ ಇಲ್ಲದ ಗುಡ್ಡದಲ್ಲಿ ಭಿಕ್ಷುಗಳು ಸಾವಿರ ವರ್ಷ ಬಾಳಿದ್ದು ಈ ಏರ್ಪಾಡಿನಿಂದ.

ಕನ್ನಡಿಗರು ನೋಡಬೇಕಾದ ಇನ್ನೊಂದು ಸಂಗತಿ ಇಲ್ಲಿದೆ. ಕವಿರಾಜಮಾರ್ಗದ ಕಾಲದ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯನ್ನು ಹೆಸರಿಸುವ, 9ನೇ ಶತಮಾನದ ಸಂಸ್ಕೃತ ಶಾಸನಗಳು ಈ ಗುಹೆಗಳಲ್ಲಿವೆ. ಕೊಂಕಣವನ್ನು ಆಗ ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಒಂದರಲ್ಲಿ ಗೌಡ ದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಭಕ್ತನೊಬ್ಬ ಭಿಕ್ಷುಗಳ ವಸ್ತ್ರಕ್ಕೆಂದು 100 ದ್ರಮ್ಮ ದತ್ತಿ ಬಿಟ್ಟ ವಿವರವಿದೆ. 1009 ಮತ್ತು 1021ರಲ್ಲಿ ಬಂದ ಪಾರಸಿಗಳು ಪಹ್ಲವಿ ಲಿಪಿಯಲ್ಲಿ ಹೆಸರು ಕೊರೆದು ಹೋಗಿದ್ದಾರೆ.

ಮಧ್ಯಾಹ್ನ ಇಳಿದು ಸ್ಟೇಷನ್ನಿನ ವೆಸ್ಟಿಗೆ ದಾಟಿ. ಗೋರಾಯಿ ಖಾರಿಯ ಫೆರಿಯಲ್ಲಿ ಹೋದರೆ 2009ರಲ್ಲಿ ಉದ್ಘಾಟನೆಯಾದ ವಿಪಶ್ಯನಾ ಪಗೋಡಾ. ಅದರ ಗುಮ್ಮಟದ ಕೆಳಗೆ ಸುಮಾರು 8,000 ಜನ ಕೂರಬಹುದು, ನಡುವೆ ಒಂದೂ ಕಂಬವಿಲ್ಲ. ಕಲ್ಲಿಗೆ ಕಲ್ಲು ಕೊಂಡಿಯಂತೆ ಬಿಗಿದು ಭಾರ ಹೊರುತ್ತದೆ. ಅಲ್ಲಿಂದ ಹೊರಡುವ ಹೊತ್ತಿಗೆ ಬ್ಲಾಕ್ ಮುಗಿದು ಫಾಸ್ಟ್ ಗಾಡಿಗಳು ಮತ್ತೆ ಓಡುತ್ತಿರುತ್ತವೆ.

ರಜೆಯನ್ನು ಸೋಮವಾರಕ್ಕೆ ವಿಸ್ತರಿಸುವ ಆಲೋಚನೆ ಇದ್ದರೆ ಹಿಂದಿನ ಶುಕ್ರವಾರಕ್ಕೆ ತಿರುಗಿಸಿಕೊಳ್ಳಿ. ಸೋಮವಾರ ರಾಷ್ಟ್ರೀಯ ಉದ್ಯಾನಕ್ಕೂ ರಜೆ, ಮಾಟುಂಗದ ಬೋರ್ಡಿಂಗಿಗೂ ರಜೆ, ಆಫೀಸಿಗೆ ಹೊರಟವರ ಲೋಕಲ್‌ಗೆ ಮಾತ್ರ ರಜೆಯಿಲ್ಲ.